ಓಪನಿಂಗ್ ಇರಲಿ, ಆಟ ಮುಗಿಸೋದು ಕಲಿಸಿ

ಕೇಳುಗರಿಗೆಲ್ಲ ನಮಸ್ಕಾರ. ದಾವಣಗೆರೆ, ಚಿತ್ರದುರ್ಗದ ಕಡೆ ಮಕ್ಕಳನ್ನು ಚೆಸ್ ಕ್ಲಾಸಿಗೆ ಕಳಿಸುವವರು ಈಗ ಜಾಸ್ತಿ. ಸಂತೋಷ. ಆದರೆ ಬಂದವರೆಲ್ಲ ಮೊದಲು ಕೇಳೋದು ಒಂದೇ: "ಸರ್, ಸಿಸಿಲಿಯನ್ ಯಾವಾಗ ಹೇಳಿಕೊಡ್ತೀರಿ?" ಅಲ್ಲ, ಮಗುವಿಗೆ ಇರೋ ಒಂದು ಕಾಲಾಳನ್ನು ಕೊನೇ ಮನೆಗೆ ದಾಟಿಸಿ ರಾಣಿ ಮಾಡೋಕೇ ಬರಲ್ಲ, ಇವರಿಗೆ ಸಿಸಿಲಿಯನ್‌ನಂಥ ಓಪನಿಂಗ್, ಅಂದರೆ ಆಟ ಶುರು ಮಾಡೋ ಪಟ್ಟು ಬೇಕು! ಮೊದಲು ಆಟ ಮುಗಿಸೋದು ಕಲಿಸಿ. ಇವತ್ತು ನಾನು ಹೇಳೋದು ಇದಿಷ್ಟೇ.

2024ರ ಡಿಸೆಂಬರ್ 12, ಸಿಂಗಪುರ. ವಿಶ್ವ ಚಾಂಪಿಯನ್‌ಶಿಪ್‌ನ 14ನೇ, ಅಂದರೆ ಕೊನೇ ಆಟ. ನಮ್ಮ ಗುಕೇಶ್‌ಗೆ 18 ವರ್ಷ. ಎದುರಿಗೆ ಚಾಂಪಿಯನ್ ಡಿಂಗ್ ಲಿರೆನ್. ಇಬ್ಬರಿಗೂ ಆರೂವರೆ ಅಂಕ. ಬಿಳಿ ಕಾಯಿ ಡಿಂಗ್ ಅವರದು. ಮೊದಲು ಕುದುರೆ ತಂದರು, ಆಮೇಲೆ ಒಂಟೆಯನ್ನು ಜಿ2 ಮನೆಯಲ್ಲಿ ಕೂರಿಸಿದರು. ಇದಕ್ಕೆ ರಿವರ್ಸ್ಡ್ ಗ್ರುನ್‌ಫೆಲ್ಡ್ ಅಂತಾರೆ. ಹೆಸರು ಮರೆತರೂ ನಡೆಯುತ್ತೆ, ಅದರಿಂದ ಯಾರೂ ಗೆಲ್ಲಲಿಲ್ಲ! ಗಂಟೆಗಟ್ಟಲೆ ಆಡಿದ ಮೇಲೆ ಇಬ್ಬರಿಗೂ ಉಳಿದದ್ದು ಒಂದೊಂದು ಆನೆ, ಒಂದೊಂದು ಒಂಟೆ. ಗುಕೇಶ್‌ಗೆ ಒಂದು ಕಾಲಾಳು ಜಾಸ್ತಿ, ಅಷ್ಟೇ. ಡ್ರಾ ಆಗುತ್ತೆ, ನಾಳೆ ಟೈಬ್ರೇಕ್, ಅಂದರೆ ಸಮ ಬಿಡಿಸೋ ಚುಟುಕು ಆಟಗಳು ಅಂತಲೇ ಎಲ್ಲರ ಲೆಕ್ಕ.

55ನೇ ನಡೆ. ಡಿಂಗ್ ಆನೆಯನ್ನು ಎಫ್2ಗೆ ಇಟ್ಟರು. ಆಗ ಅವರ ಒಂಟೆ ಎಲ್ಲಿತ್ತು ಗೊತ್ತಾ? ಎ8, ಬೋರ್ಡಿನ ಮೂಲೆ. ಗುಕೇಶ್ ಆನೆ ಹೊಡೆದ, ಡಿಂಗ್ ರಾಜನಿಂದ ಹೊಡೆದರು. ಕೂಡಲೇ ಹುಡುಗ ತನ್ನ ಒಂಟೆಯನ್ನು ಡಿ5ರಲ್ಲಿ ಅಡ್ಡ ಹಾಕಿದ. ಮೂಲೆಯ ಒಂಟೆಗೆ ಇದ್ದದ್ದೇ ಅದೊಂದು ದಾರಿ. ಒಂಟೆಗಳೂ ಹೋದವು. ಉಳಿದದ್ದು ರಾಜ, ಕಾಲಾಳು; ಗುಕೇಶ್‌ನ ಆ ಜಾಸ್ತಿ ಕಾಲಾಳನ್ನು ಇನ್ನು ತಡೆಯೋಕೆ ಆಗಲ್ಲ. 58ನೇ ನಡೆಗೆ ಡಿಂಗ್ ಸೋಲೊಪ್ಪಿದರು. ವಿಶ್ವ ಚಾಂಪಿಯನ್ ಪಟ್ಟ ಕೊನೆಗೆ ನಿಂತದ್ದು ರಾಜ-ಕಾಲಾಳಿನ ಲೆಕ್ಕದ ಮೇಲೆ! ಗುಕೇಶ್‌ಗೆ ಆ ಲೆಕ್ಕ ಕಣ್ಣು ಮುಚ್ಚಿದರೂ ಬರುತ್ತೆ. ನಿಮ್ಮ ಮಗುವಿಗೆ? ಮೆಕ್ಕೆಜೋಳ ಬಿತ್ತಿ, ತೆನೆ ಮುರಿಯೋ ಹೊತ್ತಿಗೆ ಹೊಲದ ಕಡೆ ಹೋಗದವರಿಗೆ ಏನನ್ನಬೇಕು ಹೇಳಿ.

 ಸಮಯ ಆಯ್ತು ಅಂತ ಗಾಜಿನ ಆಚೆಯಿಂದ ಕೈ ಮಾಡ್ತಿದ್ದಾರೆ. ಇಷ್ಟು ಮಾಡಿ. ರಾತ್ರಿ ಊಟ ಆದಮೇಲೆ ಬೋರ್ಡಿನ ಮೇಲೆ ಎರಡು ರಾಜ, ನಡುವಿನ ಉದ್ದಸಾಲಲ್ಲಿ ಒಂದು ಬಿಳಿ ಕಾಲಾಳು ಇಡಿ. ಮಗು ಸುಮ್ನೆ ಕಾಲಾಳು ತಳ್ಳುತ್ತಾ ಹೋದರೆ ಬೈಬೇಡಿ, "ರಾಜನನ್ನು ಮುಂದೆ ಕಳಿಸು" ಅನ್ನಿ. ಕಾಲಾಳಿನ ಮುಂದೆ ರಾಜ, ಬಿಳಿ ಕಡೆಯಿಂದ ಎಣಿಸಿ ಆರನೇ ಅಡ್ಡಸಾಲು ಮುಟ್ಟಿದರೆ ಗೆದ್ದ ಹಾಗೆ. ಆಮೇಲೆ ಅದಲು ಬದಲು ಮಾಡಿ. ನೀವು ದಾಟಿಸಿ, ಮಗು ತಡೆಯಲಿ. ನಮಸ್ಕಾರ.