ಚಿತ್ತೆ ಮಳೆ, ತಲಕಾವೇರಿಯ ಇಳಿಜಾರು ಮತ್ತು ತೋಳಿಲ್ಲದ ಒಂದು ಜಾಕೆಟ್

ಬೆಳಗ್ಗೆ ಆರೂಕಾಲು, ಮಡಿಕೇರಿ. ಈ ವ್ಲಾಗಿನ, ಅಂದರೆ ನನ್ನ ಸೈಕಲ್ ಪಯಣದ ವಿಡಿಯೊದ, ಪರದೆಯ ಮೇಲೆ ಈಗ ಕಾಣುತ್ತಿರುವ ಬಿಳುಪೆಲ್ಲ ಮಂಜು. ಗೇಟಿನಾಚೆಯ ಸಿಲ್ವರ್ ಓಕ್ ಮರಗಳೂ ಅದರೊಳಗೆ ಅಡಗಿವೆ. ಮೊಬೈಲ್ 17 ಡಿಗ್ರಿ ತೋರಿಸುತ್ತಿದೆ. ತುಲಾ ಸಂಕ್ರಮಣ ಕಳೆದು ನಾಲ್ಕು ದಿನವಾಯಿತು, ಚಿತ್ತೆ ಮಳೆಯ ಕಾಲ. ‘ಕುರುಡು ಚಿತ್ತೆ ಎರಚಿದತ್ತ ಬೆಳೆ’ ಎನ್ನುವ ಗಾದೆಯನ್ನು ಮಾಡಿದವರು ರೈತರು, ಆದರೆ ಅಕ್ಟೋಬರಿನಲ್ಲಿ ಕೊಡಗಿನ ರಸ್ತೆಗಳಲ್ಲಿ ಸೈಕಲ್ ತುಳಿಯುವವರಿಗೂ ಅದು ಅಷ್ಟೇ ಸಲ್ಲುತ್ತದೆ. ಒಂದು ತಿರುವಿನಲ್ಲಿ ಎಳೆಬಿಸಿಲು, ಮುಂದಿನ ತಿರುವಿನಲ್ಲಿ ತುಂತುರು, ಅದರಾಚೆ ಒಣ ರಸ್ತೆ. ಮಳೆಗೆ ಕಣ್ಣಿಲ್ಲ, ಎಲ್ಲಿ ಬೇಕೋ ಅಲ್ಲಿ ಎರಚುತ್ತದೆ.

ಇಂದಿನ ದಾರಿ ಭಾಗಮಂಡಲದವರೆಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ತಲಕಾವೇರಿಗೆ ಇನ್ನು 8. ಬಂದ ದಾರಿಯಲ್ಲೇ ವಾಪಸು. ಇಂತಹ ದಿನಕ್ಕೆ ಏನು ತೊಡಬೇಕು ಎಂದು ನಿಮ್ಮಲ್ಲಿ ಹಲವರು ಕೇಳುತ್ತಲೇ ಇದ್ದೀರಿ. ಆದ್ದರಿಂದ ಈ ಬಾರಿ ದಾರಿಯ ಜೊತೆಗೆ ಒಂದೇ ಒಂದು ಬಟ್ಟೆಯ ಬಗ್ಗೆ ಮಾತನಾಡುತ್ತೇನೆ. ಅದು ನನ್ನ ಕೈಯಲ್ಲಿ ಮುಷ್ಟಿಯಷ್ಟು ಉಂಡೆಯಾಗಿ ಕುಳಿತಿರುವ ಈ ಕಿತ್ತಳೆ ಬಣ್ಣದ ಜಿಲೇ. ತೋಳಿಲ್ಲದ ಜಾಕೆಟ್. ಹೆಸರು ಫ್ರೆಂಚ್ ಭಾಷೆಯದು, ಅದರ ಬೇರು ಟರ್ಕಿಯ ‘ಯೆಲೆಕ್’ ಎಂಬ ಪದದಲ್ಲಿದೆ. ಅಂಗಡಿಯಲ್ಲಿ ವಿಂಡ್ ವೆಸ್ಟ್ ಎಂದು ಕೇಳಿದರೂ ಇದನ್ನೇ ಕೊಡುತ್ತಾರೆ. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿದೆ, 86 ಗ್ರಾಂ.

ತೋಳೇ ಇಲ್ಲದ ಬಟ್ಟೆ ಚಳಿಗೆ ಏನು ಮಾಡೀತು ಎಂದು ನಾನೂ ಒಂದು ಕಾಲದಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿದ್ದು ಆರು ವರ್ಷದ ಹಿಂದೆ, ಇದೇ ತಲಕಾವೇರಿ ರಸ್ತೆಯಲ್ಲಿ. ಜೆರ್ಸಿಯ ಒಳಗೆ ಹತ್ತಿಯ ಬನಿಯನ್ ತೊಟ್ಟು ಹತ್ತಿದ್ದೆ. ಮೇಲೆ ತಲುಪುವ ಹೊತ್ತಿಗೆ ಬನಿಯನ್ ಹಿಂಡಿದರೆ ನೀರು ಸುರಿಯುವಂತಿತ್ತು. ಕ್ಷೇತ್ರದ ಮುಂದೆ ಗಾಳಿಗೆ ಮೈಯೊಡ್ಡಿ ಅರ್ಧ ಗಂಟೆ ನಿಂತೆ, ಹಾಗೆಯೇ ಇಳಿಯಲು ಆರಂಭಿಸಿದೆ. ಮೂರನೆಯ ತಿರುವಿಗೆ ಬರುವಾಗ ಬೆರಳುಗಳು ನನ್ನವು ಎನಿಸಲಿಲ್ಲ. ಬ್ರೇಕ್ ಹಿಡಿಕೆಯನ್ನು ಬೆರಳಿನಿಂದ ಎಳೆಯಲಾಗದೆ ಇಡೀ ಅಂಗೈಯಿಂದ ಒತ್ತಿದೆ. ಎದುರಿಗೆ ಒಂದು ಬಸ್ ಏರಿ ಬರುತ್ತಿತ್ತು. ಹೇಗೋ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹತ್ತು ನಿಮಿಷ ನಿಂತೆ. ಆ ಹತ್ತು ನಿಮಿಷವನ್ನು ನಾನು ಮರೆತಿಲ್ಲ.

ಆಮೇಲೆ ಓದಿ ತಿಳಿದದ್ದು ಇಷ್ಟು. ಎದೆ ಮತ್ತು ಹೊಟ್ಟೆ ತಣ್ಣಗಾಗತೊಡಗಿದರೆ ದೇಹ ಮೊದಲು ಹೃದಯ, ಶ್ವಾಸಕೋಶಗಳಂತಹ ಒಳಗಿನ ಅಂಗಗಳನ್ನು ಕಾಪಾಡುತ್ತದೆ. ಅದಕ್ಕಾಗಿ ಕೈಕಾಲುಗಳ ರಕ್ತನಾಳಗಳನ್ನು ಸಂಕುಚಿಸಿ ಬಿಸಿ ರಕ್ತವನ್ನು ಒಳಗೇ ಉಳಿಸಿಕೊಳ್ಳುತ್ತದೆ. ಮೊದಲು ಮರಗಟ್ಟುವುದು ಬೆರಳು. ಕೈಗವಸು ಹಾಕಿದರೂ ಎದೆ ತಣ್ಣಗಿದ್ದರೆ ಪ್ರಯೋಜನ ಕಡಿಮೆ. ಕೊಡಗಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವ ಬೆರಳು ಬೆಚ್ಚಗಿರಬೇಕಾದರೆ ಮೊದಲು ಎದೆ ಬೆಚ್ಚಗಿರಬೇಕು. ಅಂದಿನಿಂದ ನಾನು ಜಿಲೇಯನ್ನು ಬ್ರೇಕಿನ ಒಂದು ಭಾಗ ಎಂದೇ ಎಣಿಸುತ್ತೇನೆ.

ಈಗ ಹೊರಡುತ್ತಿದ್ದೇನೆ. ಪದರಗಳನ್ನು ಒಳಗಿನಿಂದ ತೋರಿಸುತ್ತೇನೆ. ಮೈಗೆ ತಾಗಿರುವುದು ಜಾಲರಿಯಂತಹ ತೆಳ್ಳನೆಯ ಪಾಲಿಯೆಸ್ಟರ್ ಒಳಂಗಿ. ಬೆವರನ್ನು ಚರ್ಮದಿಂದ ಎತ್ತಿ ಮೇಲಿನ ಪದರಕ್ಕೆ ದಾಟಿಸುವುದು ಇದರ ಕೆಲಸ. ಡಿಸೆಂಬರಿನಲ್ಲಿ ಇದರ ಜಾಗಕ್ಕೆ ಮೆರಿನೋ ಉಣ್ಣೆ ಬರುತ್ತದೆ, ಏಕೆಂದರೆ ಆ ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ತೇವವನ್ನು ಹೀರಿಕೊಂಡರೂ ಮೈಗೆ ತಣ್ಣಗೆ ತಾಗುವುದಿಲ್ಲ. ಹತ್ತಿ ಮಾತ್ರ ಬೇಡ. ಹತ್ತಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಮೈಶಾಖವನ್ನು ಸೆಳೆಯುತ್ತದೆ. ಅದರ ಮೇಲೆ ಮಾಮೂಲಿ ಅರ್ಧ ತೋಳಿನ ಜೆರ್ಸಿ, ಕೈಗೆ ಎಳೆದು ತೆಗೆಯಬಹುದಾದ ತೋಳುಚೀಲ, ಎಲ್ಲದರ ಮೇಲೆ ಜಿಲೇ. ಮಳೆ ಜಾಕೆಟ್ ಬೆನ್ನಿನ ಮಧ್ಯದ ಜೇಬಿನಲ್ಲಿದೆ.

ಮಡಿಕೇರಿಯಿಂದ ಹೊರಡುವ ಯಾವ ದಾರಿಯಲ್ಲಾದರೂ ಊರು ದಾಟುತ್ತಲೇ ಇಳಿಜಾರು ಎದುರಾಗುತ್ತದೆ. ಮೈ ಇನ್ನೂ ಕಾದಿರುವುದಿಲ್ಲ, ವೇಗ ಮಾತ್ರ 40 ಮುಟ್ಟಿರುತ್ತದೆ. ಆದ್ದರಿಂದ ಮನೆಯಿಂದಲೇ ಜಿಪ್ಪನ್ನು ಗಂಟಲವರೆಗೆ ಏರಿಸಿ ಹೊರಟಿದ್ದೇನೆ. ಕಿವಿಯಲ್ಲಿ ಗಾಳಿ ಶಿಳ್ಳೆ ಹೊಡೆಯುತ್ತಿದೆ, ಎದೆಯ ಮೇಲೆ ಅದರ ಸುಳಿವೂ ಇಲ್ಲ.

ಅಪ್ಪಂಗಳ. ಸಾಂಬಾರ ಬೆಳೆಗಳ ಸಂಶೋಧನಾ ಕೇಂದ್ರ ಇರುವ ಊರು, ಏಲಕ್ಕಿಯ ಕೆಲಸಕ್ಕೆ ಹೆಸರಾದದ್ದು. ಇಲ್ಲಿ ಮಂಜು ಹರಿದು ಬಿಸಿಲು ಬಿತ್ತು, ಜಿಪ್ ಎದೆಯವರೆಗೆ ಇಳಿಯಿತು. ಬೆಟ್ಟಗೇರಿಯ ಬಳಿ ಏರು ಸಿಕ್ಕಿತು, ಪೂರ್ತಿ ತೆರೆದೆ. ಜೆರ್ಸಿ ಮತ್ತು ಮಳೆ ಜಾಕೆಟ್ ಮಾತ್ರ ಇದ್ದರೆ ಇರುವುದು ಎರಡೇ ಸ್ಥಿತಿ: ಒಂದೋ ನಡುಕ, ಇಲ್ಲವೋ ಒಳಗೇ ಬೇಯುವುದು. ಜಿಲೇಯ ಜಿಪ್ ಒಲೆಯ ಗಾಳಿಬಾಗಿಲಿನ ಹಾಗೆ. ಬೆರಳಷ್ಟು ಸರಿಸಿದರೂ ವ್ಯತ್ಯಾಸ ತಿಳಿಯುತ್ತದೆ. ತೋಳು ತೆರೆದಿರುವುದರಿಂದ ಕಂಕುಳ ಭಾಗದಿಂದ ಬಿಸಿ ಸದಾ ಹೊರಗೆ ಹೋಗುತ್ತಿರುತ್ತದೆ. ತೋಳಿಲ್ಲದಿರುವುದೇ ಇದರ ಗುಣ.

ನಮ್ಮ ಕಡೆಯವರಿಗೆ ಇದು ಹೊಸ ಬುದ್ಧಿಯೇನೂ ಅಲ್ಲ. ಮಳೆಗಾಲದ ನಾಟಿಯಲ್ಲಿ ಕಂಬಳಿ ಕೊಪ್ಪೆ ಹೊದ್ದವರನ್ನು ನೆನಪಿಸಿಕೊಳ್ಳಿ. ತಲೆ, ಬೆನ್ನು ಮುಚ್ಚಿರುತ್ತವೆ, ಸಸಿ ನೆಡುವ ಕೈಗಳು ಖಾಲಿ. ಕೊಡವ ಗಂಡಸರ ಸಾಂಪ್ರದಾಯಿಕ ನಿಲುವಂಗಿ ಕುಪ್ಯವೂ ಅರ್ಧ ತೋಳಿನದೇ, ಒಳಗೆ ತುಂಬು ತೋಳಿನ ಬಿಳಿ ಅಂಗಿ. ಕೆಲಸ ಮಾಡುವ ಕೈಗೆ ಬಿಡುವು ಕೊಟ್ಟು ಮೈಯನ್ನು ಕಾಯುವ ಈ ತಿಳಿವಳಿಕೆ ನನಗೆ ಬಹಳ ಇಷ್ಟ.

ಚೇರಂಬಾಣೆಯಲ್ಲಿ ಬೆಲ್ಲದ ಕಾಫಿ ಕುಡಿದೆ. ರಸ್ತೆಯ ಎರಡೂ ಬದಿ ಕಾಫಿ ಗಿಡಗಳಲ್ಲಿ ಕಾಯಿ ಇನ್ನೂ ಹಸಿರು, ಅಲ್ಲೊಂದು ಇಲ್ಲೊಂದು ಗೊಂಚಲು ಕೆಂಪೇರುತ್ತಿದೆ.

ಕಾಫಿ ಆರುವವರೆಗೆ, ಕೊಳ್ಳುವಾಗ ನೋಡಬೇಕಾದದ್ದನ್ನು ಹೇಳಿಬಿಡುತ್ತೇನೆ. ಮೊದಲನೆಯದು ಗಾಳಿಯ ಪರೀಕ್ಷೆ. ಮುಂಭಾಗದ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಜೋರಾಗಿ ಊದಿ. ಆಚೆ ಬದಿಯಲ್ಲಿಟ್ಟ ಅಂಗೈಗೆ ಉಸಿರು ತಾಗಬಾರದು. ಬೆನ್ನಿನ ಬಟ್ಟೆಗೆ ಹಾಗೆಯೇ ಊದಿದರೆ ಉಸಿರು ಸಲೀಸಾಗಿ ದಾಟಬೇಕು. ಗಾಳಿ ಹೊಡೆಯುವುದು ಎದೆಗೆ, ಬೆವರು ಹೋಗಬೇಕಾದದ್ದು ಬೆನ್ನಿನಿಂದ, ಅದಕ್ಕಾಗಿಯೇ ಒಳ್ಳೆಯ ಜಿಲೇಯ ಬೆನ್ನು ಜಾಲರಿಯದಾಗಿರುತ್ತದೆ. ಎರಡನೆಯದು ಅಳತೆ. ಕನ್ನಡಿಯ ಮುಂದೆ ನೆಟ್ಟಗೆ ನಿಂತು ನೋಡಿದರೆ ಅಳತೆ ಸಿಗುವುದಿಲ್ಲ. ಹ್ಯಾಂಡಲ್ ಹಿಡಿದವರಂತೆ ಮುಂದಕ್ಕೆ ಬಾಗಿ, ಕೈ ಚಾಚಿ. ಆಗ ಹಿಂಬದಿಯ ಅಂಚು ಸೊಂಟವನ್ನು ಮುಚ್ಚಿರಬೇಕು, ತೋಳಿನ ರಂಧ್ರ ಬಾಯಿ ತೆರೆಯಬಾರದು, ಕೊರಳಪಟ್ಟಿಯೊಳಗೆ ಒಂದು ಬೆರಳು ಹೋಗುವಷ್ಟು ಮಾತ್ರ ಜಾಗವಿರಬೇಕು. ನನ್ನ ಮೊದಲ ಜಿಲೇಯನ್ನು ಅಂಗಡಿಯವರು ಒಂದು ಅಳತೆ ದೊಡ್ಡದನ್ನೇ ಕೊಟ್ಟರು, ಒಳಗೆ ಸ್ವೆಟರ್ ಹಾಕಬಹುದು ಎಂದರು. ಇಳಿಜಾರಿನಲ್ಲಿ ಅದು ಪಟಪಟ ಬಡಿಯುತ್ತಾ ಗಾಳಿ ತುಂಬಿಕೊಂಡು ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. ಬಡಿಯುವ ಬಟ್ಟೆಯೊಳಗೆ ಬೆಚ್ಚನೆಯ ಗಾಳಿ ನಿಲ್ಲುವುದಿಲ್ಲ.

ಮೂರನೆಯದನ್ನು ಬಹಳ ಜನ ಗಮನಿಸುವುದಿಲ್ಲ: ಜಿಪ್ ಕೆಳಗಿನಿಂದಲೂ ತೆರೆಯುವಂತಿರಬೇಕು. ಎದೆ ಮುಚ್ಚಿಯೇ ಇರುವಾಗ ಹೊಟ್ಟೆಯ ಭಾಗ ತೆರೆದು ಜೆರ್ಸಿಯ ಹಿಂದಿನ ಜೇಬಿಗೆ ಕೈ ಹಾಕಬಹುದು, ಬಿಸಿಯನ್ನೂ ಬಿಡಬಹುದು. ಬಣ್ಣದ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ಮಂಜಿನಲ್ಲಿ ಬೂದು ಮತ್ತು ಬಿಳಿ ಕರಗಿಹೋಗುತ್ತವೆ, ಕಪ್ಪು ಮರದ ನೆರಳಿನೊಳಗೆ ಸೇರಿಹೋಗುತ್ತದೆ. ಕಿತ್ತಳೆ ಅಥವಾ ಗಿಳಿಹಳದಿ ತೆಗೆದುಕೊಳ್ಳಿ, ಬೆನ್ನಿನಲ್ಲಿ ಬೆಳಕು ಮರಳಿಸುವ ಪಟ್ಟಿ ಇರಲಿ. ಉದ್ದ ಬೆನ್ನಿನ ಜಿಲೇ ಸೀಟಿನ ಕೆಳಗಿನ ಕೆಂಪು ದೀಪವನ್ನು ಮುಚ್ಚುತ್ತಿದೆಯೇ ಎಂದು ಒಮ್ಮೆ ಗೆಳೆಯರಿಂದ ನೋಡಿಸಿಕೊಳ್ಳಿ.

ಪೂರ್ತಿ ನೀರು ತಡೆಯುವ ಜಿಲೇಯನ್ನು ಕೊಡಗಿಗೆ ನಾನು ಹೇಳುವುದಿಲ್ಲ. ತೋಳು ನೆನೆಯುವಷ್ಟು ಮಳೆ ಬಂದರೆ ಬೇಕಾದದ್ದು ಜಾಕೆಟ್. ಅದಕ್ಕಿಂತ ಕಡಿಮೆ ಮಳೆಗೆ ಹನಿಯನ್ನು ಉರುಳಿಸಿಬಿಡುವ ಲೇಪನವಷ್ಟೇ ಸಾಕು. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಈ ಬೆಟ್ಟದ ರಸ್ತೆಗೆ ಸೈಕಲ್ ತರಲೇಬೇಡಿ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬಳಿ ಬ್ರಹ್ಮಗಿರಿ ಬೆಟ್ಟ ಕುಸಿದು ಜೀವಗಳು ಹೋದ ದಾರಿ ಇದು.

ಭಾಗಮಂಡಲ. ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮ. ಭಕ್ತರು ಇನ್ನೂ ಬರುತ್ತಲೇ ಇದ್ದಾರೆ. ಇಲ್ಲಿ ಜಿಲೇಯನ್ನು ತೆಗೆದು ಮಡಚಿ ಜೇಬಿಗೆ ಹಾಕುತ್ತಿದ್ದೇನೆ, ತೋಳುಚೀಲವನ್ನು ಮಣಿಕಟ್ಟಿಗೆ ಇಳಿಸುತ್ತಿದ್ದೇನೆ. ಮುಂದಿನ 8 ಕಿಲೋಮೀಟರಿನಲ್ಲಿ 300 ಮೀಟರಿಗೂ ಹೆಚ್ಚು ಏರು ಇದೆ. ನಾವು ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ಹೋಗುವುದು ನೂರಕ್ಕೆ 20ರಿಂದ 25 ಪಾಲು, ಉಳಿದದ್ದೆಲ್ಲ ಬಿಸಿ. ಹತ್ತುವಾಗ ಚಳಿ ಎನಿಸಿದರೂ ಎರಡು ನಿಮಿಷ ತಾಳಿಕೊಳ್ಳಿ, ನಿಮ್ಮ ಮೈಯೇ ಒಲೆಯಾಗುತ್ತದೆ. ಏರಿನಲ್ಲಿ ಜಿಲೇ ತೊಟ್ಟು ಬೆವರಿದರೆ ಆ ಬೆವರಿನ ಲೆಕ್ಕ ಇಳಿಯುವಾಗ ಚುಕ್ತಾ ಆಗುತ್ತದೆ: ಒಂದು ಲೀಟರ್ ಬೆವರು ಆರಲು ಸುಮಾರು 580 ಕಿಲೋ ಕ್ಯಾಲೊರಿ ಶಾಖ ಬೇಕು, ಇಳಿಯುವಾಗ ಅದರ ಬಹುಪಾಲು ನಿಮ್ಮ ಚರ್ಮದಿಂದಲೇ ಹೋಗುತ್ತದೆ.

ಈ ಏರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಸಿರಿನ ಸದ್ದು ನಿಮಗೇ ಕೇಳುತ್ತಿದೆ.

ತಲಕಾವೇರಿ, 1,276 ಮೀಟರ್. ಇಡೀ ವ್ಲಾಗಿನಲ್ಲಿ ಒಂದೇ ಭಾಗ ನೋಡುವುದಾದರೆ ಇದನ್ನು ನೋಡಿ. ನಿಂತ ತಕ್ಷಣ, ನೀರು ಕುಡಿಯುವ ಮೊದಲೇ, ಸಣ್ಣ ಟವೆಲಿನಿಂದ ಕತ್ತು ಮತ್ತು ಎದೆ ಒರೆಸಿಕೊಂಡೆ. ತೋಳುಚೀಲ ಮೇಲಕ್ಕೆ ಎಳೆದೆ. ಜಿಲೇ ತೊಟ್ಟು ಜಿಪ್ ಅರ್ಧ ಏರಿಸಿದೆ. ಈಗ ಚಳಿ ಆಗುತ್ತಿಲ್ಲ, ಮೈ ಇನ್ನೂ ಕಾದೇ ಇದೆ. ಆ ಬಿಸಿ ಹೊರಟುಹೋಗುವ ಮುನ್ನ ಅದನ್ನು ಹಿಡಿದಿಡಬೇಕು. ನಡುಕ ಬಂದ ಮೇಲೆ ಜಿಲೇ ತೊಟ್ಟರೆ ಉಪಯೋಗ ಅಷ್ಟಕ್ಕಷ್ಟೆ, ಅದಕ್ಕೆ ಬಿಸಿಯನ್ನು ಹುಟ್ಟಿಸುವ ಶಕ್ತಿ ಇಲ್ಲ. ಯುರೋಪಿನ ರೇಸುಗಳಲ್ಲಿ ಬೆಟ್ಟದ ತುದಿ ಮುಟ್ಟಿದ ಸವಾರರು ಪ್ರೇಕ್ಷಕರ ಕೈಯಿಂದ ದಿನಪತ್ರಿಕೆ ಪಡೆದು ಎದೆಯ ಮೇಲೆ ಜೆರ್ಸಿಯೊಳಗೆ ತುರುಕಿಕೊಳ್ಳುತ್ತಿದ್ದರು. ಅವರ ಗುರಿಯೂ ಇದೇ ಆಗಿತ್ತು. ಜಿಲೇ ಇನ್ನೂ ಕೊಳ್ಳದವರು ಇಂದಿಗೂ ಅದನ್ನು ಮಾಡಬಹುದು, ನಾನು ಒಂದು ಚಳಿಗಾಲವಿಡೀ ಮಾಡಿದ್ದೇನೆ.

ಕಾವೇರಿ ಹುಟ್ಟುವ ಕುಂಡಿಕೆಯ ಮುಂದೆ ಕೈಮುಗಿದು ಬಂದೆ. ಅಷ್ಟರಲ್ಲಿ ಬ್ರಹ್ಮಗಿರಿಯ ನೆತ್ತಿಯಿಂದ ಮೋಡ ಕೆಳಗಿಳಿಯಿತು, ಹನಿ ಶುರುವಾಯಿತು. ಜಿಪ್ ಗಂಟಲವರೆಗೆ. ಇಳಿಯುತ್ತಿದ್ದೇನೆ. ಈ ತಿರುವು ನನಗೆ ಚೆನ್ನಾಗಿ ಗೊತ್ತು, ಆರು ವರ್ಷದ ಹಿಂದೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತದ್ದು ಇಲ್ಲೇ. ಕ್ಯಾಮೆರಾವನ್ನು ಹ್ಯಾಂಡಲ್ ಕಡೆಗೆ ತಿರುಗಿಸಿದ್ದೇನೆ, ಬೆರಳುಗಳನ್ನು ನೋಡಿ. ಎರಡೇ ಬೆರಳಿನಲ್ಲಿ ಬ್ರೇಕ್ ಹಿಡಿದಿದ್ದೇನೆ, ಬೇಕಾದಷ್ಟೇ ಒತ್ತುತ್ತಿದ್ದೇನೆ, ಬಿಡುತ್ತಿದ್ದೇನೆ. ತೋಳು ಒದ್ದೆ, ತೊಡೆ ಒದ್ದೆ, ಎದೆ ಬೆಚ್ಚಗಿದೆ.

ಮಧ್ಯಾಹ್ನ ಎರಡೂವರೆ. ಮಳೆ ಹಿಂದೆಯೇ ಉಳಿಯಿತು, ಅಪ್ಪಂಗಳ ದಾಟಿದೆ, ಮಡಿಕೇರಿಯ ಕೊನೆಯ ಏರು ಎದುರಿಗಿದೆ. ಬಿಸಿಲಿಗೆ ಡಾಂಬರು ಹಬೆಯಾಡುತ್ತಿದೆ. ಇಂದು ರಾತ್ರಿ ಜಿಲೇಯನ್ನು ಸೌಮ್ಯ ಸೋಪಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಹರವುತ್ತೇನೆ. ಬಟ್ಟೆ ಮೃದುಗೊಳಿಸುವ ದ್ರಾವಣ ಹಾಕಿದರೆ ನೀರು ಉರುಳಿಸುವ ಗುಣ ಹೋಗುತ್ತದೆ, ಒದ್ದೆಯಾಗಿ ಮಡಚಿಟ್ಟರೆ ನಮ್ಮ ಹವೆಯಲ್ಲಿ ಎರಡೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಸದ್ಯಕ್ಕೆ ಅದು ನನ್ನ ಮೈಮೇಲೇ ಒಣಗುತ್ತಿದೆ. ಮೇಲಿನಿಂದ ಎದೆಯವರೆಗೆ, ಕೆಳಗಿನಿಂದ ಹೊಟ್ಟೆಯವರೆಗೆ ತೆರೆದಿದ್ದೇನೆ, ನಡುವೆ ನಾಲ್ಕು ಬೆರಳಷ್ಟು ಜಿಪ್ ಮಾತ್ರ ಹಿಡಿದುಕೊಂಡಿದೆ. ಮುಂದಿನ ತಿರುವಿನಾಚೆ ಮತ್ತೆ ಮಂಜು ಕಾಣುತ್ತಿದೆ.