ಫೋನಿನ ಪಕ್ಕ ಯಾರು ಕೂತಿದ್ದಾರೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ‘ಹಾದಿ ತಪ್ಪಿದ ಮಕ್ಕಳನ್ನು ಸರಿ ಮಾಡುತ್ತೇವೆ’ ಅನ್ನುವ ವಸತಿ ಚಿಕಿತ್ಸಾ ಕೇಂದ್ರಗಳ ಬಗ್ಗೆ ನೀವೆಲ್ಲ ಓದಿದ್ದೀರಿ. ಹದಿಹರೆಯದಲ್ಲಿ ಅಂಥ ಕೇಂದ್ರಗಳಲ್ಲಿದ್ದ ಅಲ್ಲಿನ ಸೆಲೆಬ್ರಿಟಿ ಪ್ಯಾರಿಸ್ ಹಿಲ್ಟನ್, ತಾನು ಅನುಭವಿಸಿದ ದೌರ್ಜನ್ಯದ ಬಗ್ಗೆ ಅಲ್ಲಿನ ಸಂಸತ್ತಿನಲ್ಲಿ ಹೇಳಿದ ಮಾತೂ ಗೊತ್ತಿದೆ. ಪೀಠಿಕೆ ಬೇಡ, ಆ ಮಕ್ಕಳು ಅಲ್ಲಿಂದ ಮನೆಯವರೊಡನೆ ಮಾತಾಡುವ ಫೋನಿನ ವಿಷಯಕ್ಕೇ ಬರುತ್ತೇನೆ. ನನ್ನ ಮಾತು ಮೊದಲು ಕೇಳಿದವರಿಗೆ ಗೊತ್ತು, ಎಲ್ಲಿಂದ ಹೊರಟರೂ ನಾನು ನಿಲ್ಲುವುದು ಫೋನಿನ ಹತ್ತಿರವೇ.

ಮಗನನ್ನು ಅಂಥ ಕೇಂದ್ರಕ್ಕೆ ಕಳಿಸಿದ್ದ ತಾಯಿಯೊಬ್ಬರು ಹೇಳಿದ್ದು. ವಾರಕ್ಕೆ ಹತ್ತು ನಿಮಿಷ ಮಾತು. ಸ್ಪೀಕರ್ ಆನ್, ಪಕ್ಕದಲ್ಲಿ ಸಿಬ್ಬಂದಿ. ಸೇರಿಸುವ ದಿನವೇ ಒಂದು ಕೈಪಿಡಿ ಕೊಟ್ಟಿದ್ದರಂತೆ: ‘ಇಲ್ಲಿ ಹೊಡೆಯುತ್ತಾರೆ ಅಂತ ನಿಮ್ಮ ಮಗ ಹೇಳಬಹುದು. ಮನೆಗೆ ಬರಲು ಹೂಡುವ ಆಟ ಅದು, ನಂಬಬೇಡಿ.’ ದೂರು ಹುಟ್ಟುವ ಮೊದಲೇ ಅದರ ಹಣೆಗೆ ಸುಳ್ಳೆಂಬ ಚೀಟಿ! ‘ಸಾರು ಹಳಸಿದೆ ಅಂತ ನಾಲಿಗೆ ಹೇಳಬಹುದು, ನಂಬಬೇಡಿ’ ಎಂದು ಬೋರ್ಡು ಹಾಕಿದ ಹೋಟೆಲನ್ನು ನಾನಂತೂ ಕಂಡಿಲ್ಲ.

ಹುಡುಗ ದೂರಲೇ ಇಲ್ಲ. ‘ಚೆನ್ನಾಗಿದ್ದೀನಮ್ಮ. ಬ್ರೂನೋ ಊಟ ಮಾಡ್ತಾನಾ?’ ಅಂದ. ಬ್ರೂನೋ ಅವರ ನಾಯಿ, ಸತ್ತು ಎರಡು ವರ್ಷವಾಗಿತ್ತು. ಹಿತ್ತಲಲ್ಲಿ ಗುಂಡಿ ತೋಡಿದ್ದವನೂ ಇವನೇ. ಮಾತ್ರೆಯ ಮಂಪರಿರಬೇಕು ಅಂದುಕೊಂಡರು ತಾಯಿ. ಮುಂದಿನ ವಾರ ಮತ್ತೆ ಅದೇ: ‘ಬ್ರೂನೋನ ಕಟ್ಟಿ ಹಾಕಬೇಡಮ್ಮ.’ ಆಗ ಹೊಳೆಯಿತು. ಆ ರಾತ್ರಿಯೇ ಕಾರು ಹತ್ತಿದರು. ಹುಡುಗನ ಎರಡೂ ಮಣಿಕಟ್ಟಿನ ಸುತ್ತ ಕಪ್ಪುಗಟ್ಟಿದ ಗೆರೆ.

ಇದು ಒಂದು ಮನೆಯ ಕಥೆಯಲ್ಲ. 2007ರಲ್ಲಿ ಅಲ್ಲಿನ ಸಂಸತ್ತಿನ ತನಿಖಾ ಸಂಸ್ಥೆ ಜಿಎಒ ಕೊಟ್ಟ ಲೆಕ್ಕ: 2005 ಒಂದೇ ವರ್ಷದಲ್ಲಿ 33 ರಾಜ್ಯಗಳಿಂದ, ದೌರ್ಜನ್ಯದ ಪ್ರಕರಣಗಳಲ್ಲಿ 1,619 ಸಿಬ್ಬಂದಿಯ ಹೆಸರು. ಹತ್ತು ಸಾವುಗಳನ್ನೂ ಅದು ಬಿಡಿಸಿ ನೋಡಿತು. ಅವುಗಳಲ್ಲಿ ಕೆಲವು ಕಡೆ, ‘ಇನ್ನು ನಡೆಯಲು ಆಗುತ್ತಿಲ್ಲ’ ಅಂದ ಮಕ್ಕಳನ್ನು ಸಿಬ್ಬಂದಿ ‘ನಾಟಕ ಆಡ್ತಿದ್ದಾನೆ’ ಎಂದು ಮತ್ತೆ ನಡೆಸಿದ್ದರು. ಕೈಪಿಡಿಯ ‘ನಂಬಬೇಡಿ’ ಅಪ್ಪ ಅಮ್ಮನಿಗೆ ಮಾತ್ರ ಅಂದುಕೊಂಡಿರಾ? 2020ರಲ್ಲಿ ಮಿಷಿಗನ್‌ನ ಕಲಮಜೂ ಊರಿನ ಇಂಥದೇ ಕೇಂದ್ರವೊಂದರಲ್ಲಿ 16ರ ಹುಡುಗನೊಬ್ಬ ಊಟದ ಕೋಣೆಯಲ್ಲಿ ಬ್ರೆಡ್ಡು ಎಸೆದ. ಸಿಬ್ಬಂದಿ ನೆಲಕ್ಕೆ ಒತ್ತಿ ಹಿಡಿದರು. ಹುಡುಗ ಉಳಿಯಲಿಲ್ಲ.

ಕಾನೂನು? ಯೂಟಾ ರಾಜ್ಯ 2021ರಲ್ಲಿ ಒಂದು ಮಾಡಿತು. ವರ್ಷಕ್ಕೆ 4 ತಪಾಸಣೆ, ಕೈಕಾಲು ಕಟ್ಟುವುದಕ್ಕೆ ಕಡಿವಾಣ, ಜೊತೆಗೆ, ಇಗೋ ಬಂತು ನನ್ನ ಫೋನು, ವಾರಕ್ಕೊಮ್ಮೆ ಮನೆಯವರೊಡನೆ ಖಾಸಗಿಯಾಗಿ ಮಾತಾಡುವ ಹಕ್ಕು. 2024ರ ಡಿಸೆಂಬರಿನಲ್ಲಿ ಇಡೀ ಅಮೆರಿಕಕ್ಕೆ ಅಲ್ಲಿನ ಕೇಂದ್ರ ಸರ್ಕಾರದ ಕಾನೂನೂ ಬಂತು. ಚಪ್ಪಾಳೆ ತಟ್ಟುವ ಮೊದಲು ಒಳಗೆ ಏನಿದೆ ನೋಡಿ: ಅಧ್ಯಯನ. ಎರಡು ವರ್ಷಕ್ಕೊಂದು ವರದಿಯಂತೆ ಹತ್ತು ವರ್ಷ. ಆ ಕಾನೂನು ಬಂದ ದಿನ ಹದಿನಾಲ್ಕಿದ್ದ ಮಗುವಿಗೆ ಆ ಹೊತ್ತಿಗೆ ಇಪ್ಪತ್ತನಾಲ್ಕು. ಅಧ್ಯಯನ ಬೇಡ ಅನ್ನುತ್ತಿಲ್ಲ. ಅಲ್ಲಿಯವರೆಗೆ ಫೋನಿನ ಪಕ್ಕದ ಆ ಕುರ್ಚಿಯನ್ನಾದರೂ ಎತ್ತಿಸಿ.

ಚೀಟಿ ಬಂತು, ಐದು ನಿಮಿಷವಂತೆ. ಸಿಬ್ಬಂದಿಯ ತರಬೇತಿ, ಸರ್ಕಾರಿ ದುಡ್ಡು ಹರಿಯುವ ದಾರಿ, ಮನೆಯಲ್ಲೇ ಇಟ್ಟುಕೊಂಡು ಕೊಡಬಹುದಾದ ಚಿಕಿತ್ಸೆ, ಎಲ್ಲ ಬರೆದುಕೊಂಡು ಬಂದಿದ್ದೆ. ಹಾಳೆ ಜೇಬಿಗೇ ಹೋಗಲಿ. ಸೇರಿಸುವ ಮೊದಲು ಒಂದು ಕೇಳಿ: ‘ನಿಮ್ಮ ಕಿವಿಗೆ ಬೀಳದ ಹಾಗೆ ನನ್ನ ಮಗು ನನ್ನ ಜೊತೆ ಮಾತಾಡಬಹುದಾ?’ ಉತ್ತರ ‘ಅದು ಹಾಗಲ್ಲ ಮೇಡಂ’ ಎಂದು ಶುರುವಾದರೆ ಕಾರಿನ ಕೀಲಿ ಕೈಗೆ ತಗೊಳ್ಳಿ.

ಹಿಂದಿನ ಸಾಲಿನಲ್ಲಿ ಯಾರೋ ಆಗಿನಿಂದ ಕೈ ಎತ್ತಿದ್ದೀರಿ. ಹೇಳಿ.