ಕಣ್ಣಿಗೆ ಬೀಳದ ಐವರು: ಮಿಶಿಗನ್ ತಂಡದ 2023ರ ಸೀಸನ್

ನಮಸ್ಕಾರ. ಈಗ ಕಾಣುತ್ತಿರುವುದು ಅಮೆರಿಕದ ಆನ್ ಆರ್ಬರ್‌ನಲ್ಲಿರುವ, ಮಿಶಿಗನ್ ವಿಶ್ವವಿದ್ಯಾಲಯದ ಮಿಶಿಗನ್ ಸ್ಟೇಡಿಯಂ. ಹೊರಗಿನಿಂದ ಅಷ್ಟೇನೂ ಎತ್ತರ ಅನಿಸುವುದಿಲ್ಲ, ಅಲ್ವಾ? ಹೆಚ್ಚಿನ ಭಾಗ ನೆಲದ ಕೆಳಗಿದೆ, ನಮ್ಮ ಕಡೆಯ ಕಲ್ಯಾಣಿಯ ಹಾಗೆ. ಒಳಗೆ ಹೋಗಿ ಮೆಟ್ಟಿಲ ಮೇಲೆ ನಿಂತರೆ ಮಾತ್ರ ಗೊತ್ತಾಗುತ್ತದೆ. 1,07,601 ಜನ ಕೂರುವ ಜಾಗ ಇದು. ಇಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುವವರು ಕಾಲೇಜು ಹುಡುಗರು.

ಹಳೆಯ ಫೋನಿನಲ್ಲಿ ಉಳಿದಿದ್ದ ವಿಡಿಯೋಗಳನ್ನು ಮೊನ್ನೆ ತೆಗೆದು ನೋಡಿದೆ. 2023ರಲ್ಲಿ ಮಿಶಿಗನ್ ಆಡಿದ್ದು 15 ಪಂದ್ಯ, ಗೆದ್ದಿದ್ದೂ 15. ನಾನು ಓದುವುದಕ್ಕೆ ಬಂದ ಮೊದಲ ವರ್ಷವೇ ಅದು. ಪುಣ್ಯ ಅಂತಲೇ ಅಂದುಕೊಂಡಿದ್ದೇನೆ.

ಮೊದಮೊದಲು ನಾನು ಚೆಂಡನ್ನೇ ನೋಡುತ್ತಿದ್ದೆ. ಆಟ ಅರ್ಥವೇ ಆಗುತ್ತಿರಲಿಲ್ಲ. ಪಕ್ಕದ ಸೀಟಿನ ಹುಡುಗಿಯೊಬ್ಬಳು ಒಂದು ದಿನ ಹೇಳಿದಳು, ಚೆಂಡನ್ನು ಬಿಡು, ಮುಂದೆ ಬಗ್ಗಿ ನಿಂತಿರುವ ಐದು ಜನರನ್ನು ನೋಡು ಅಂತ. ಅದನ್ನು ಆಫೆನ್ಸಿವ್ ಲೈನ್ ಎನ್ನುತ್ತಾರೆ. ನಡುವೆ ಸೆಂಟರ್, ಅವನ ಎರಡೂ ಪಕ್ಕ ಗಾರ್ಡ್, ತುದಿಗಳಲ್ಲಿ ಟ್ಯಾಕಲ್. ಸೆಂಟರ್ ಚೆಂಡನ್ನು ಕಾಲ ಸಂದಿಯಿಂದ ಹಿಂದಕ್ಕೆ ಕೊಡುತ್ತಾನೆ, ಅಷ್ಟೇ. ಆಮೇಲೆ ಐವರ ಕೆಲಸ ಎದುರಿನವರನ್ನು ತಡೆಯುವುದು: ಚೆಂಡು ಎಸೆಯುವ ಆಟವಾದರೆ ಎಸೆಯುವವನನ್ನು ಕಾಯುವುದು, ಓಟವಾದರೆ ಎದುರಿನವರನ್ನು ತಳ್ಳಿ, ಹಿಂದೆ ಓಡಿ ಬರುವವನಿಗೆ ದಾರಿ ಮಾಡಿಕೊಡುವುದು.

ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ತೇರಿನ ಗಾಲಿಗೆ ಸನ್ನಿ ಹಾಕೋರು ಇದ್ದಂಗ ಬಿಡು" ಅಂದರು. ನಮ್ಮೂರು ಕೊಟ್ಟೂರು. ತೇರು ಎಳೆಯುವಾಗ ಎಲ್ಲರ ಕಣ್ಣು ಕಳಸದ ಮೇಲೆ. ಗಾಲಿಯ ಹಿಂದೆ ಬಗ್ಗಿ ಸನ್ನೆಗೋಲು ಒತ್ತುವವರನ್ನು ಯಾರು ನೋಡುತ್ತಾರೆ? ಆ ಮಾತಾದ ಮೇಲೆ ಈ ಆಟ ನನಗೆ ಹತ್ತಿರವಾಯಿತು.

ಮೊದಲ 9 ಪಂದ್ಯಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಲ್ಲವೂ 24 ಅಥವಾ ಅದಕ್ಕಿಂತ ಹೆಚ್ಚು ಅಂತರದ ಗೆಲುವುಗಳು. ನಿಜವಾದ ಸೀಸನ್ ಶುರುವಾಗಿದ್ದು ನವೆಂಬರ್‌ನಲ್ಲಿ.

ನವೆಂಬರ್ 10ರಂದು, ಎದುರಾಳಿಗಳ ಸನ್ನೆಗಳನ್ನು ತಂಡ ಕದ್ದು ತಿಳಿದುಕೊಂಡ ಆರೋಪದ ಮೇಲೆ, ಮಿಶಿಗನ್ ಆಡುವ ಬಿಗ್ ಟೆನ್ ಲೀಗ್, ತಂಡದ ಮುಖ್ಯ ಕೋಚ್ ಜಿಮ್ ಹಾರ್ಬಾ ಅವರನ್ನು ಉಳಿದ ಮೂರು ಲೀಗ್ ಪಂದ್ಯಗಳಿಂದ ಹೊರಗಿಟ್ಟಿತು. ಮಾರನೇ ದಿನವೇ ಪೆನ್ ಸ್ಟೇಟ್ ವಿರುದ್ಧ, ಅವರ ಅಂಗಳದಲ್ಲೇ ಪಂದ್ಯ. ಆ ದಿನ ತಂಡ ನಡೆಸಿದವರು ಶೆರೋನ್ ಮೋರ್. ಆಗ ಅವರು ಈ ಐವರ ಲೈನಿನ ಕೋಚ್ ಕೂಡ ಆಗಿದ್ದರು. ಅವರು ಮಾಡಿದ್ದೇನು ಗೊತ್ತಾ? ಚೆಂಡು ಎಸೆಯುವುದನ್ನೇ ನಿಲ್ಲಿಸಿಬಿಟ್ಟರು. ಸೆಂಟರ್ ಚೆಂಡನ್ನು ಒಮ್ಮೆ ಹಿಂದಕ್ಕೆ ಕೊಟ್ಟರೆ ಒಂದು ಆಟ. ಹಾಗೆ ಸತತ 32 ಆಟ, ಬರೀ ಓಟ. ಏನು ಬರುತ್ತದೆ ಅಂತ ಎದುರಿನವರಿಗೆ ಗೊತ್ತು, ಇಡೀ ಸ್ಟೇಡಿಯಂಗೂ ಗೊತ್ತು. ಆದರೂ ತಡೆಯಲಾಗಲಿಲ್ಲ. 24-15. ಪಂದ್ಯ ಮುಗಿದ ಮೇಲೆ ಟಿವಿ ಮೈಕಿನ ಮುಂದೆ ಮೋರ್ ಬಿಕ್ಕಿ ಬಿಕ್ಕಿ ಅತ್ತರು. ರೂಮಿನಲ್ಲಿ ಕೂತು ನೋಡುತ್ತಿದ್ದ ನಮ್ಮ ಗಂಟಲೂ ಕಟ್ಟಿತ್ತು.

ಮುಂದಿನ ವಾರ ಮೇರಿಲ್ಯಾಂಡ್ ವಿರುದ್ಧ 31-24. ಅದು ಮಿಶಿಗನ್‌ನ 1000ನೇ ಗೆಲುವು. ಕಾಲೇಜು ಫುಟ್‌ಬಾಲ್‌ನಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲ ತಂಡ ಇದೇ.

ಆಮೇಲೆ ನವೆಂಬರ್ 25. ಓಹಾಯೋ ಸ್ಟೇಟ್. ಇಲ್ಲಿನವರಿಗೆ ವರ್ಷದಲ್ಲಿ ಇದೊಂದು ಪಂದ್ಯ ಗೆದ್ದರೂ ಸಾಕು. ಮಧ್ಯಾಹ್ನ 12ಕ್ಕೆ ಆಟ, ಕೊಟ್ಟೂರಿನಲ್ಲಿ ರಾತ್ರಿ ಹತ್ತೂವರೆ. ಅಪ್ಪ ವಿಡಿಯೋ ಕಾಲ್‌ನಲ್ಲಿದ್ದರು. ಚಳಿಗೆ ನನ್ನ ಬೆರಳು ಮರಗಟ್ಟಿದ್ದವು.

ಮೂರನೇ ಕ್ವಾರ್ಟರ್‌ನ ಕೊನೆ, 17-17. ಆಗ ಬಲಗಡೆಯ ಗಾರ್ಡ್ ಝ್ಯಾಕ್ ಝಿಂಟರ್ ಬಿದ್ದ. 65ನೇ ನಂಬರ್, ತಂಡದ ನಾಯಕರಲ್ಲೊಬ್ಬ. ಹಿಂದಿನ ವರ್ಷವೇ ವೃತ್ತಿಪರ ಲೀಗ್‌ಗೆ ಹೋಗಬಹುದಿತ್ತು. ಹೋಗದೆ ಇಲ್ಲೇ ಉಳಿದಿದ್ದವನು. ಮೊಣಕಾಲ ಕೆಳಗಿನ ಎರಡೂ ಮೂಳೆ ಮುರಿದಿತ್ತು. ಇಡೀ ತಂಡ ಅವನ ಸುತ್ತ ಬಂದು ನಿಂತಿತು. ಲಕ್ಷ ಜನರ ಜಾಗದಲ್ಲಿ ಅಂಥ ಮೌನವನ್ನು ನಾನು ಮತ್ತೆ ಕೇಳಿಲ್ಲ. ಗಾಡಿಯ ಮೇಲೆ ಅವನನ್ನು ಕರೆದೊಯ್ಯುವಾಗ ಜನ ಅವನ ಹೆಸರು ಕೂಗತೊಡಗಿದರು. ಅಪ್ಪ "ಹುಡುಗ ಹುಷಾರದಾನಾ?" ಅಂತ ಕೇಳುತ್ತಲೇ ಇದ್ದರು. ಏನು ಹೇಳಲಿ ನಾನು?

ಟ್ಯಾಕಲ್ ಆಗಿದ್ದ ಕಾರ್ಸನ್ ಬಾರ್ನ್‌ಹಾರ್ಟ್ ಗಾರ್ಡ್ ಜಾಗಕ್ಕೆ ಸರಿದ. ಅವನ ಜಾಗಕ್ಕೆ ಟ್ರೆಂಟ್ ಜೋನ್ಸ್ ಬಂದ. ಅದರ ಮರು ಆಟದಲ್ಲೇ ಓಟಗಾರ ಬ್ಲೇಕ್ ಕೋರಮ್ 22 ಗಜ ಓಡಿ, ಎದುರಾಳಿಯ ಕಡೆಯ ಗೆರೆ ದಾಟಿ ಟಚ್‌ಡೌನ್. ಗೆರೆ ದಾಟಿದವನೇ ಬೆರಳುಗಳಲ್ಲಿ ತೋರಿಸಿದ: ಆರು, ಐದು.

ಕೊನೆಯ ನಿಮಿಷದಲ್ಲಿ ರಾಡ್ ಮೋರ್ ಎದುರಾಳಿಯ ಎಸೆತವನ್ನು ಹಿಡಿದು ಪಂದ್ಯ ಮುಗಿಸಿದ. 30-24.

ಬಿಗ್ ಟೆನ್ ಫೈನಲ್‌ನಲ್ಲಿ ಅಯೋವಾ ವಿರುದ್ಧ 26-0. ಜನವರಿ 1ರಂದು ರೋಸ್ ಬೌಲ್ ಎಂಬ ರಾಷ್ಟ್ರೀಯ ಸೆಮಿಫೈನಲ್‌ನಲ್ಲಿ ಅಲಬಾಮ ವಿರುದ್ಧ ಹೆಚ್ಚುವರಿ ಆಟದಲ್ಲಿ 27-20. ಅದೂ ಉಸಿರು ಬಿಗಿಹಿಡಿದು ನೋಡಿದ ಪಂದ್ಯ. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಜನವರಿ 8ರ ಹ್ಯೂಸ್ಟನ್ ಫೈನಲ್. ಎದುರಾಳಿ ವಾಷಿಂಗ್ಟನ್. ದೇಶದ ಅತ್ಯುತ್ತಮ ಲೈನ್‌ಗೆ ಕೊಡುವ ಜೋ ಮೋರ್ ಪ್ರಶಸ್ತಿ 2021, 2022ರಲ್ಲಿ ಮಿಶಿಗನ್‌ಗೆ ಬಂದಿತ್ತು. ಆ ವರ್ಷ ಅದು ವಾಷಿಂಗ್ಟನ್ ಪಾಲಾಗಿತ್ತು. ಆ ರಾತ್ರಿ ಝಿಂಟರ್ ಇಲ್ಲದ ನಮ್ಮ ಲೈನ್ ಮಾಡಿಕೊಟ್ಟ ದಾರಿಯಲ್ಲಿ ತಂಡ ಓಡಿದ್ದು 303 ಗಜ. ಮೊದಲ ಕ್ವಾರ್ಟರ್‌ನಲ್ಲೇ ಡೊನೊವನ್ ಎಡ್ವರ್ಡ್ಸ್ 41 ಗಜ, 46 ಗಜ ಓಡಿ ಎರಡು ಟಚ್‌ಡೌನ್ ಮಾಡಿದ. 34-13. 1997ರ ನಂತರ ಮಿಶಿಗನ್‌ಗೆ ಮೊದಲ ರಾಷ್ಟ್ರೀಯ ಪಟ್ಟ.

ಓಹಾಯೋ ಪಂದ್ಯದ ಆ 22 ಗಜದ ಓಟ ನನ್ನ ಫೋನಿನಲ್ಲಿದೆ. ಕೈ ನಡುಗಿ ವಿಡಿಯೋ ಅಲುಗಾಡಿದೆ, ಹಿನ್ನೆಲೆಯಲ್ಲಿ ಅಪ್ಪನ ದನಿಯೂ ಇದೆ. ಈಗ ಹಾಕುತ್ತೇನೆ. ಕೋರಮ್‌ನನ್ನು ಬಿಡಿ. ಮುಂದೆ ಬಗ್ಗಿ ನಿಂತ ಐವರನ್ನು ನೋಡಿ, ಅದರಲ್ಲೂ ಸೆಂಟರ್‌ನ ಬಲಗಡೆ, ಒಂದು ನಿಮಿಷದ ಹಿಂದೆ ಖಾಲಿಯಾಗಿದ್ದ ಜಾಗವನ್ನು.